ಎತ್ತಿಗೂ ಬಿಡುವು, ಆಳಿಗೂ ಬಿಡುವು

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು ಎಂಬ ಕಟ್ಟಳೆ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಉಂಟು. ಅದು ಬಸವಣ್ಣನ ವಾರ. ಮೂಕಪ್ರಾಣಿಯ ಬಿಡುವಿನ ದಿನ. ದೂರದ ಯೆಹೂದ್ಯರ ಧರ್ಮಗ್ರಂಥದಲ್ಲೂ ಎತ್ತಿಗೆ ಇಂಥದೇ ಹಕ್ಕಿದೆ. ವಾರದ ಏಳನೆಯ ದಿನವಾದ ಸಬ್ಬತ್ತಿನಂದು ಮನೆಯ ಯಜಮಾನನಷ್ಟೇ ಅಲ್ಲ. ಮಕ್ಕಳು, ಆಳುಕಾಳು, ಎತ್ತು, ಕತ್ತೆ, ಊರಲ್ಲಿ ತಂಗಿದ ಪರದೇಶಿ ಎಲ್ಲರೂ ದುಡಿಮೆ ನಿಲ್ಲಿಸಬೇಕು ಎನ್ನುತ್ತದೆ ಹತ್ತು ಆಜ್ಞೆಗಳಲ್ಲಿ ಒಂದು.

ಇದಕ್ಕೆ ಬೈಬಲ್ ಎರಡು ಕಾರಣ ಕೊಡುತ್ತದೆ. ಸೃಷ್ಟಿಕಾರ್ಯ ಮುಗಿಸಿದ ದೇವರೇ ಏಳನೆಯ ದಿನ ವಿಶ್ರಮಿಸಿದ ಎಂಬುದು ವಿಮೋಚನಕಾಂಡದ ಕಾರಣ. ಧರ್ಮೋಪದೇಶಕಾಂಡದ ಕಾರಣ ಬೇರೆ: ಇಸ್ರೇಲರು ಒಮ್ಮೆ ಈಜಿಪ್ಟಿನಲ್ಲಿ ಗುಲಾಮರಾಗಿದ್ದರು. ಗುಲಾಮನಿಗೆ ರಜೆಯಿಲ್ಲ. ಆದ್ದರಿಂದ ಬಿಡುವು ಸೋಮಾರಿತನವಲ್ಲ, ಬಿಡುಗಡೆಯ ಗುರುತು.

ಸಬ್ಬತ್ ಶನಿವಾರ, ಬಹುಪಾಲು ಕ್ರೈಸ್ತರು ಆಚರಿಸುವುದು ಭಾನುವಾರ. ಯೇಸು ಪುನರುತ್ಥಾನ ಹೊಂದಿದ್ದು ವಾರದ ಮೊದಲ ದಿನ ಎಂಬ ನಂಬಿಕೆಯಿಂದ ಅದು ಪ್ರಭುವಿನ ದಿನವಾಯಿತು. ಆದರೆ ಆದಿ ಕ್ರೈಸ್ತರಿಗೆ ಅಂದು ರಜೆ ಇರಲಿಲ್ಲ. ಅವರು ಗೊತ್ತಾದ ದಿನ ನಸುಕಿಗೆ ಮುಂಚೆಯೇ ಕೂಡುತ್ತಿದ್ದರೆಂದು ರೋಮನ್ ಅಧಿಕಾರಿ ಪ್ಲಿನಿ ಎರಡನೆಯ ಶತಮಾನದ ಆರಂಭದಲ್ಲಿ ಚಕ್ರವರ್ತಿಗೆ ಬರೆದಿದ್ದಾನೆ. ಕ್ರಿ.ಶ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರ ನ್ಯಾಯಾಲಯ, ಕಸುಬಿನ ಅಂಗಡಿಗಳನ್ನು ಮುಚ್ಚುವಂತೆ ಆಜ್ಞೆ ಹೊರಡಿಸಿದ. ರೈತರಿಗೆ ಮಾತ್ರ ವಿನಾಯಿತಿ. ಬಿತ್ತನೆಯ ಹದ ವಾರ ನೋಡಿ ಬರುವುದಿಲ್ಲವಲ್ಲ!

ಸಬ್ಬತ್ ಇರುವುದು ಮನುಷ್ಯನಿಗಾಗಿಯೇ ಹೊರತು ಮನುಷ್ಯ ಸಬ್ಬತ್ತಿಗಾಗಿ ಅಲ್ಲ ಎಂಬುದು ಯೇಸುವಿನ ನಿಲುವಾಗಿತ್ತು. ಮಾರ್ಕನ ಸುವಾರ್ತೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಊಟಕ್ಕೂ ಪುರುಸೊತ್ತಿಲ್ಲದಷ್ಟು ಜನ ಮುತ್ತಿದಾಗ, ದಣಿದ ಶಿಷ್ಯರನ್ನು ಯೇಸು ಏಕಾಂತ ಸ್ಥಳಕ್ಕೆ ಕರೆದೊಯ್ಯುತ್ತಾರೆ. ಜನ ಅಲ್ಲಿಗೂ ಓಡಿ ಬರುತ್ತಾರೆ. ಅವರನ್ನು ಕಂಡು ಯೇಸು ಸಿಡುಕುವುದಿಲ್ಲ, ಕನಿಕರಪಡುತ್ತಾರೆ. ಎಲ್ಲ ಮುಗಿದ ಮೇಲೆ ಒಬ್ಬರೇ ಬೆಟ್ಟಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ಬಿಡುವಿಗೆ ಅಡ್ಡಿ ಬರುವುದು ಸಹಜ. ಬಿಡುವನ್ನೇ ಬಿಟ್ಟುಬಿಡಬಾರದು ಎಂಬುದು ಇಲ್ಲಿನ ಪಾಠ.

ಈ ಏಕಾಂತಕ್ಕೆ ಮುಂದೆ ಕ್ರಮ ಬಂತು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತಮ್ಮ ಮಠದ ದಿನವನ್ನು ಪ್ರಾರ್ಥನೆ, ಕೈಕೆಲಸ, ಓದು ಎಂದು ಹಂಚಿದರು. ಬೇಸಿಗೆಯಲ್ಲಿ ಮಧ್ಯಾಹ್ನದ ಊಟದ ನಂತರ ಸದ್ದಿಲ್ಲದೆ ಮಲಗುವುದಕ್ಕೂ ಅವರ ನಿಯಮಾವಳಿಯಲ್ಲಿ ಹೊತ್ತು ಗೊತ್ತಾಗಿದೆ. ಹದಿನಾರನೆಯ ಶತಮಾನದಲ್ಲಿ ಯೇಸುಸಭೆಯ ಸ್ಥಾಪಕ, ಸ್ಪೇನಿನ ಇಗ್ನೇಷಿಯಸ್ ಲೊಯೋಲಾ ಸುಮಾರು 30 ದಿನಗಳ ಮೌನ ಧ್ಯಾನದ ಕ್ರಮವೊಂದನ್ನು ಬರೆದರು. ಇಂದಿನ ಧ್ಯಾನಕೂಟಗಳಲ್ಲಿ ಎಷ್ಟೋ ಅದರ ಬೆಳೆಗಳೇ. ಮನೆ, ಉದ್ಯೋಗ ಬಿಟ್ಟು ಬರಲಾಗದವರನ್ನೂ ಅವರು ಮರೆತಿರಲಿಲ್ಲ. ಅಂಥವರು ದಿನಕ್ಕೆ ಒಂದೂವರೆ ಗಂಟೆ ತೆಗೆದಿಟ್ಟು ಮನೆಯಲ್ಲಿದ್ದುಕೊಂಡೇ ಧ್ಯಾನ ಮುಂದುವರಿಸಬಹುದು.

ಭಾರತದ ಭಾನುವಾರದ ರಜೆ ಮಾತ್ರ ಚರ್ಚಿನಿಂದಲೇ ಬಂದದ್ದಲ್ಲ. ಸರ್ಕಾರಿ ಕಚೇರಿಗಳಲ್ಲಿ ಬ್ರಿಟಿಷರ ಪದ್ಧತಿ ನಡೆದಿದ್ದರೂ ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ವಾರದ ಬಿಡುವು ಇರಲಿಲ್ಲ. ಜ್ಯೋತಿರಾವ್ ಫುಲೆ ಅವರ ಸತ್ಯಶೋಧಕ ಚಳವಳಿಯ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರನ್ನು ಸೇರಿಸಿ ಭಾನುವಾರದ ರಜೆಯ ಬೇಡಿಕೆ ಇಟ್ಟರು. ಮಾಲೀಕರು ಒಪ್ಪಿದ್ದು 1890ರ ಜೂನ್ 10ರಂದು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ ವಾರದ ಮೊದಲ ದಿನದ ಬಿಡುವನ್ನು ಹಕ್ಕಾಗಿ ಬರೆಯಿತು.

ರಜೆ ಇದ್ದರಷ್ಟೇ ಸಾಲದು, ಎಲ್ಲರಿಗೂ ಒಟ್ಟಿಗೇ ಇರಬೇಕು ಎಂಬುದಕ್ಕೆ ಸೋವಿಯತ್ ಒಕ್ಕೂಟ ಸಾಕ್ಷಿ. ಯಂತ್ರಗಳು ನಿಲ್ಲಬಾರದೆಂದು 1929ರಲ್ಲಿ ಅಲ್ಲಿ ಐದು ದಿನದ ವಾರ ತಂದರು. ಒಬ್ಬೊಬ್ಬ ಕಾರ್ಮಿಕನಿಗೆ ಒಂದೊಂದು ದಿನ ರಜೆ. ಗಂಡನ ರಜೆ ಒಂದು ದಿನ, ಹೆಂಡತಿಯದು ಇನ್ನೊಂದು ದಿನ ಎಂಬಂತಾಗಿ ಜನ ಬೇಸತ್ತರು. 1940ರಲ್ಲಿ ಏಳು ದಿನದ ವಾರ, ಭಾನುವಾರದ ರಜೆ ಎರಡೂ ಮರಳಿದವು.

ಇಂದು ಅಂಥ ಆಜ್ಞೆ ಬೇಕಾಗಿಲ್ಲ. ಜೇಬಿನ ಮೊಬೈಲೇ ಸಾಕು. ಬೆಳಿಗ್ಗೆ ಚರ್ಚಿಗೆ ಹೋಗಿ ಬಂದವರ ಭಾನುವಾರವೂ ಕಚೇರಿಯ ಸಂದೇಶಗಳಲ್ಲಿ ಕರಗುತ್ತದೆ. ಬಸ್ ಕಂಡಕ್ಟರಿಗೆ, ಆಸ್ಪತ್ರೆಯ ನರ್ಸಿಗೆ, ಹೋಟೆಲಿನ ಮಾಣಿಗೆ ಅಂದೇ ಕೆಲಸ ಹೆಚ್ಚು. ಗೃಹಿಣಿಗೋ ವಿಶೇಷ ಅಡುಗೆಯ ಹೊರೆ. ಹಳೆಯ ಆಜ್ಞೆಯ ಪಟ್ಟಿಯಲ್ಲಿ ಮಗ, ಮಗಳು, ಆಳು, ಎತ್ತುಗಳೆಲ್ಲ ಇದ್ದರೂ ಹೆಂಡತಿಯ ಹೆಸರು ಬೇರೆಯಾಗಿ ಬರುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಆದರೆ ಅದೇ ಸಂಪ್ರದಾಯ ಇದಕ್ಕೊಂದು ದಾರಿಯನ್ನೂ ಇಟ್ಟಿದೆ. ಸಬ್ಬತ್ತಿನಂದು ಒಲೆ ಹೊತ್ತಿಸುವಂತಿಲ್ಲ. ಆದ್ದರಿಂದ ಯೆಹೂದ್ಯರ ಮನೆಗಳಲ್ಲಿ ಹಿಂದಿನ ದಿನವೇ ಅಡುಗೆ ಆಗಬೇಕು. ಬೈಬಲಿನಲ್ಲಿ ಶುಕ್ರವಾರಕ್ಕೆ ಸಿದ್ಧತೆಯ ದಿನ ಎಂದೇ ಹೆಸರು. ಬಿಡುವು ತಾನಾಗಿ ಒದಗುವುದಿಲ್ಲ, ಮುನ್ನಾದಿನವೇ ಅದಕ್ಕೆ ಅಣಿಯಾಗಬೇಕು. ಶನಿವಾರ ಸಂಜೆಯ ಆ ಸಿದ್ಧತೆಯಲ್ಲಿ ಮನೆಮಂದಿಯೆಲ್ಲ ಕೈಜೋಡಿಸಿದರೆ ಭಾನುವಾರ ಅಡುಗೆಮನೆಯಲ್ಲಿರುವವರಿಗೂ ಪ್ರಭುವಿನ ದಿನವಾದೀತು.