ಹಟ್ಟಿ ತೊಳೆದ ನೀರಿನ ಗುಳ್ಳೆಯಲ್ಲಿ ಏನಿದೆ? ಸ್ಲರಿ ಗುಂಡಿ ಇರುವವರು ಓದಲೇಬೇಕಾದ ಲೆಕ್ಕ

ಕನ್ಯಾನ, ವಿಟ್ಲ ಕಡೆ ನಾಲ್ಕು ದನ ಇರುವ ಅಡಿಕೆ ಕೃಷಿಕರ ಮನೆಗಳಲ್ಲಿ ಸ್ಲರಿ ಗುಂಡಿ ಈಗ ಹೊಸತೇನಲ್ಲ. ಹಟ್ಟಿಗೆ ಪೈಪು ಹಿಡಿದರೆ ಸೆಗಣಿ, ಮೂತ್ರ, ನೀರು ಎಲ್ಲ ಒಟ್ಟಿಗೆ ಗುಂಡಿಗೆ ಹೋಗುತ್ತದೆ, ಅಲ್ಲಿಂದ ಪಂಪಿನಲ್ಲಿ ತೋಟಕ್ಕೆ. ಸೊಪ್ಪು ತಂದು ಹಾಕುವ, ಗೊಬ್ಬರ ಹೊರುವ ಕೆಲಸ ಉಳಿಯಿತು. ಜನ ಸಿಗದ ಈ ಕಾಲದಲ್ಲಿ ಅದು ತಪ್ಪೂ ಅಲ್ಲ. ಆದರೆ ಮಧ್ಯಾಹ್ನದ ಬಿಸಿಲಿಗೆ ಗುಂಡಿ ಹತ್ತಿರ ಹೋಗಿ ಒಮ್ಮೆ ನೋಡಿ. ಬುಳುಬುಳು ಅಂತ ಗುಳ್ಳೆ ಏಳುತ್ತಾ ಇರುತ್ತದೆ. ಇವತ್ತಿನ ವಿಷಯ ಆ ಗುಳ್ಳೆಯೇ.

ಒಂದೇ ಕೊಳೆ, ಎರಡು ದಾರಿ

ಸೆಗಣಿ ಕೊಳೆಯುವುದು ಸೂಕ್ಷ್ಮಾಣುಗಳ ಕೆಲಸ. ಗಾಳಿ ಸಿಕ್ಕರೆ ಒಂದು ಬಗೆಯ ಸೂಕ್ಷ್ಮಾಣುಗಳು ಕೆಲಸ ಮಾಡಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ನೀರಿನಡಿ ಗಾಳಿ ಸಿಗದಿದ್ದರೆ ಬೇರೆ ಬಗೆಯವು ಬಂದು ಮೀಥೇನ್ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 27 ಕಿಲೋ ಕಾರ್ಬನ್ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಪೇಟೆಯ ಕೊಳಚೆ ನೀರಿನ ಕಥೆಯೂ ಇದೇ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧ ಮಾಡಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿರುವುದು ನಿಮಗೆ ಗೊತ್ತಿರಬಹುದು. ಅಂಥ ದೊಡ್ಡ ಘಟಕಗಳಲ್ಲಿ ಸಾಮಾನ್ಯವಾಗಿ ಕೊಳಚೆಗೆ ಯಂತ್ರದಿಂದ ಗಾಳಿ ಊದುತ್ತಾರೆ. ಹಾಗೆ ಮಾಡಿದರೆ ಮೀಥೇನ್ ಕಡಿಮೆ, ಆದರೆ ಕರೆಂಟ್ ಖರ್ಚು ಜಾಸ್ತಿ. ಜತೆಗೆ ಕೊಳಚೆಯಲ್ಲಿರುವ ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಬಲವಾದ ಅನಿಲ. ಪೇಟೆಯ ಘಟಕ ಆಗಲಿ, ನಮ್ಮ ಗುಂಡಿ ಆಗಲಿ, ಕೊಳೆ ನೀರನ್ನು ಸೂಕ್ಷ್ಮಾಣುಗಳ ಕೈಗೆ ಕೊಟ್ಟ ಮೇಲೆ ಅನಿಲ ಬಂದೇ ಬರುತ್ತದೆ. ಯಾವುದು, ಎಷ್ಟು ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ.

ನಾಲ್ಕು ದನದ ಲೆಕ್ಕ

ಒಂದು ದನದಿಂದ ದಿನಕ್ಕೆ 10 ಕಿಲೋ ಸೆಗಣಿ ಅಂತ ಹಿಡಿಯಿರಿ. ನಾಲ್ಕಕ್ಕೆ 40 ಕಿಲೋ. ಕಿಲೋಗೆ ಸುಮಾರು 40 ಲೀಟರಿನಂತೆ 1.6 ಘನ ಮೀಟರ್ ಗೋಬರ್ ಗ್ಯಾಸ್ ಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ತೂಕದಲ್ಲಿ ಸುಮಾರು 600 ಗ್ರಾಂ ಮೀಥೇನ್.

ತೆರೆದ ಗುಂಡಿಯಲ್ಲಿ ಇದರ ಅರ್ಧ ಗಾಳಿಗೆ ಹೋದರೂ ದಿನಕ್ಕೆ 8 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಬೈಕಿನಲ್ಲಿ ದಿನಾ ಮೂರೂವರೆ ಲೀಟರ್ ಪೆಟ್ರೋಲ್ ಸುಟ್ಟ ಹಾಗೆ! ಅದೇ 1.6 ಘನ ಮೀಟರ್ ಗ್ಯಾಸನ್ನು ಒಲೆಯಲ್ಲಿ ಉರಿಸಿದರೆ ಸುಮಾರು 700 ಗ್ರಾಂ ಎಲ್‌ಪಿಜಿಯ ಕೆಲಸ ಆಗುತ್ತದೆ. 20 ದಿನಕ್ಕೆ ಒಂದು ಸಿಲಿಂಡರ್ ಉಳಿಯಿತು ಅಂತ ಲೆಕ್ಕ. ಉರಿದಾಗ ಬರುವ ಕಾರ್ಬನ್ ಡೈಆಕ್ಸೈಡ್ ದನ ತಿಂದ ಹುಲ್ಲಿನಿಂದಲೇ ಬಂದದ್ದು, ಹೊಸ ಹೊರೆ ಅಲ್ಲ.

ಹಳೇ ಕಾಲದ ಸೊಪ್ಪಿನ ಹಟ್ಟಿ ಗೊಬ್ಬರ ಹೇಗೆ? ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿಯ 2006ರ ಮಾರ್ಗಸೂಚಿ ನೋಡಿ. ನಮ್ಮಂಥ ಸೆಕೆಯ ಊರಿನಲ್ಲಿ ಒಣ ರಾಶಿಯಿಂದ ಹೊರಡುವ ಮೀಥೇನ್ ಗರಿಷ್ಠ ಪ್ರಮಾಣದ ಸುಮಾರು 5 ಶೇಕಡಾ. ಕೆನೆ ಕಟ್ಟದ ದ್ರವ ಗುಂಡಿಯಿಂದ 70–80 ಶೇಕಡಾ. ಅಜ್ಜನ ಪದ್ಧತಿ ಈ ವಿಷಯದಲ್ಲಿ ನಮಗಿಂತ ಮುಂದೆಯೇ ಇತ್ತು.

ಗೋಬರ್ ಗ್ಯಾಸ್ ಇದ್ದರೆ ಸಾಕಾ?

ಸಾಕಾಗುವುದಿಲ್ಲ. ಹೆಚ್ಚಿನ ಕಡೆ ಎಡವುವುದು ನೀರಿನ ವಿಷಯದಲ್ಲಿ. 40 ಕಿಲೋ ಸೆಗಣಿಗೆ 40 ಲೀಟರ್ ನೀರು ಹಾಕಿದರೆ ದಿನಕ್ಕೆ 80 ಲೀಟರ್ ಆಯಿತು. 3200 ಲೀಟರ್ ತೊಟ್ಟಿಯಲ್ಲಿ ಅದು 40 ದಿನ ನಿಲ್ಲುತ್ತದೆ, ಚೆನ್ನಾಗಿ ಕೊಳೆಯುತ್ತದೆ. ಹಟ್ಟಿ ತೊಳೆದ 200 ಲೀಟರ್ ನೀರನ್ನೂ ಒಳಗೆ ಬಿಟ್ಟರೆ? 11 ದಿನಕ್ಕೇ ಹೊರಗೆ! ಅರ್ಧ ಕೊಳೆತ ಸ್ಲರಿ ಹೊರಗಿನ ಗುಂಡಿಗೆ ಬಂದು ಅಲ್ಲಿ ಮೀಥೇನ್ ಬಿಡುತ್ತದೆ. ಒಲೆಗೆ ಗ್ಯಾಸ್ ಸಾಲುವುದಿಲ್ಲ, ಗಾಳಿಗೆ ಮಾತ್ರ ಧಾರಾಳ.

ಹಾಗಾದರೆ ಏನು ಮಾಡುವುದು?

1. ಮೊದಲು ಸೆಗಣಿ ಬಾಚಿ ತೆಗೆಯಿರಿ, ಆಮೇಲೆ ತೊಳೆಯಿರಿ. ಸೆಗಣಿ ಗ್ಯಾಸಿನ ತೊಟ್ಟಿಗೆ ಹೋಗಲಿ, ತೊಳೆದ ನೀರು ಬೇರೆ ಕಣಿಯಲ್ಲಿ ಆಯಾ ದಿನವೇ ಹುಲ್ಲಿನ ಗದ್ದೆಗೋ ಬಾಳೆಗೋ ಹೋಗಲಿ.

2. ಗ್ಯಾಸ್ ಉಳಿಯುವ ದಿನ ಹಾಗೇ ಬಿಡಬೇಡಿ. ದನದ ಹುರುಳಿ ಬೇಯಿಸಲು, ಸ್ನಾನದ ನೀರು ಕಾಯಿಸಲು ಉಪಯೋಗಿಸಿ. ಪೈಪಿನ ಜೋಡಣೆಗಳಿಗೆ ತಿಂಗಳಿಗೊಮ್ಮೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ಸೋರುತ್ತಿದೆ ಅಂತ ಅರ್ಥ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವುದು ಬೇಡವೇ ಬೇಡ.

3. ಹೊರಗಿನ ಗುಂಡಿಯಲ್ಲಿ ತಿಂಗಳುಗಟ್ಟಲೆ ಸ್ಲರಿ ತುಂಬಿಸಿಡಬೇಡಿ. ತರಗೆಲೆ, ಕತ್ತರಿಸಿದ ಸೋಗೆ, ಅಡಿಕೆ ಸಿಪ್ಪೆ ಪದರ ಪದರವಾಗಿ ಹಾಕಿ ಅದರ ಮೇಲೆ ಸ್ಲರಿ ಹೊಯ್ಯಿರಿ. ಗಾಳಿ ಆಡುವ ರಾಶಿ ಒಳ್ಳೆ ಕಾಂಪೋಸ್ಟ್ ಆಗುತ್ತದೆ, ಮೀಥೇನ್ ತೀರಾ ಕಡಿಮೆ.

4. ಮಳೆಗಾಲಕ್ಕೆ ಮೊದಲು ಗುಂಡಿಗೆ ಮಾಡು ಮಾಡಿಸಿ. ಆಟಿಯ ಮಳೆಗೆ ತೆರೆದ ಗುಂಡಿ ಉಕ್ಕಿದರೆ ಸ್ಲರಿ ಸೀದಾ ತೋಡಿಗೆ, ಇಲ್ಲವೇ ಬಾವಿ ಬದಿಗೆ. ಜಡಿಮಳೆ ಇರುವಾಗ ಬುಡಕ್ಕೆ ಸ್ಲರಿ ಬಿಡುವುದೂ ಬೇಡ. ಸಾರಜನಕದ ಒಂದು ಪಾಲು ನೀರಲ್ಲಿ ಕೊಚ್ಚಿಹೋಗುತ್ತದೆ, ಇನ್ನೊಂದು ಪಾಲು ಜೌಗು ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಆಗಿ ಏಳುತ್ತದೆ. ಹೊಳವಾದಾಗ ಸ್ವಲ್ಪ ಸ್ವಲ್ಪವೇ, ಮುಚ್ಚಿಗೆಯ ಅಡಿಗೆ ಕೊಡಿ.

ಪ್ರಾಣದ ವಿಷಯ

ಗುಂಡಿಯಲ್ಲಿ ಮೀಥೇನ್ ಒಂದೇ ಅಲ್ಲ, ಹೈಡ್ರೋಜನ್ ಸಲ್ಫೈಡ್ ಕೂಡಾ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಪ್ರಮಾಣ ಜಾಸ್ತಿಯಾದರೆ ಅದು ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. ಸ್ಲರಿ ಕಲಕುವಾಗ ಅಡಿಯಲ್ಲಿದ್ದ ಅನಿಲ ಒಮ್ಮೆಲೇ ಮೇಲೆ ಬರುತ್ತದೆ. ಪಂಪ್ ಸಿಕ್ಕಿಹಾಕಿಕೊಂಡಿತು ಅಂತ ಗುಂಡಿಗೆ ಇಳಿಯಲೇಬೇಡಿ. ಒಬ್ಬರು ಬಿದ್ದರೆ ಇನ್ನೊಬ್ಬರು ಹಿಂದೆಯೇ ಇಳಿದು ಇಬ್ಬರೂ ಹೋಗುವುದು ಇಂಥ ದುರಂತಗಳಲ್ಲಿ ಮತ್ತೆ ಮತ್ತೆ ಆಗುತ್ತಿದೆ. ಹಗ್ಗ ಕಟ್ಟಿದ ಪಂಪನ್ನು ಮೇಲಿನಿಂದಲೇ ಎಳೆಯಿರಿ. ಯಾರಾದರೂ ಬಿದ್ದರೆ ನೀವು ಇಳಿಯದೆ ತಕ್ಷಣ 112ಕ್ಕೆ ಕರೆ ಮಾಡಿ. ಗುಂಡಿಗೆ ಗಟ್ಟಿ ಮುಚ್ಚಳ, ಸುತ್ತ ಬೇಲಿ ಇರಲಿ, ಮನೆಯಲ್ಲಿ ಮಕ್ಕಳಿದ್ದಾರೆ.

ಈ ವಾರ ಒಂದು ಕೆಲಸ ಮಾಡಿ. ಹಟ್ಟಿ ತೊಳೆಯಲು ದಿನಕ್ಕೆ ಎಷ್ಟು ಲೀಟರ್ ನೀರು ಹೋಗುತ್ತದೆ ಅಂತ ಬಕೆಟ್ ಇಟ್ಟು, ಮೊಬೈಲಿನ ಗಡಿಯಾರ ನೋಡಿ ಅಳೆಯಿರಿ. ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡ್, ಪೈಪು ಎಷ್ಟು ನಿಮಿಷ ಓಡುತ್ತದೆ, ಅಷ್ಟು ಸಾಕು. ಆ ನೀರು ಅರ್ಧ ಆದರೆ ಗ್ಯಾಸ್ ಹೆಚ್ಚುತ್ತದೆ, ಕರೆಂಟ್ ಉಳಿಯುತ್ತದೆ, ಗುಂಡಿಯ ಗುಳ್ಳೆಯೂ ಕಡಿಮೆಯಾಗುತ್ತದೆ.