ಮುದ್ರಣಯಂತ್ರದಲ್ಲಿ ಶಾಯಿಪದರದ ಸ್ಪರ್ಶರಹಿತ ಮಾಪನ

ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ 1843ರಲ್ಲಿ ಮಂಗಳೂರಿನಿಂದ ಹೊರಬಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾದುದು. ಎಣ್ಣೆಯ ಅಂಶವುಳ್ಳ ಶಾಯಿಯೂ ನೀರೂ ಸುಲಭವಾಗಿ ಬೆರೆಯವೆಂಬ ತತ್ತ್ವವೇ ಕಲ್ಲಚ್ಚಿಗೆ ಆಧಾರ. ಇಂದಿನ ಆಫ್‌ಸೆಟ್ ಮುದ್ರಣವೂ ಇದೇ ತತ್ತ್ವವನ್ನು ಅವಲಂಬಿಸಿದೆ. ಶಾಯಿಯ ಪದರವು ಎಷ್ಟು ದಪ್ಪವಿರಬೇಕೆಂಬ ಪ್ರಶ್ನೆ ಎರಡಕ್ಕೂ ಸಮಾನವಾದುದು.

ಕನ್ನಡ ಲಿಪಿಯ ಮಟ್ಟಿಗೆ ಈ ಪ್ರಶ್ನೆ ಕೇವಲ ಅಂದಕ್ಕೆ ಸಂಬಂಧಿಸಿದ್ದಲ್ಲ. ಶಾಯಿ ಹೆಚ್ಚಾದರೆ ಅನುಸ್ವಾರದ ಸೊನ್ನೆ ತುಂಬಿಕೊಳ್ಳುತ್ತದೆ, ಒತ್ತಕ್ಷರಗಳು ಕೂಡಿಕೊಳ್ಳುತ್ತವೆ. ಮಹಾಪ್ರಾಣದ ಸೀಳು ಮುಚ್ಚಿಹೋದರೆ ‘ಧನ’ವು ‘ದನ’ವಾಗುತ್ತದೆ. ಶಾಯಿ ಕಡಿಮೆಯಾದರೆ ಸಣ್ಣ ಗೆರೆಗಳು ಅಳಿಸಿದಂತೆ ತೋರುತ್ತವೆ.

ಆಫ್‌ಸೆಟ್‌ನಲ್ಲಿ ಕಾಗದದ ಮೇಲೆ ನಿಲ್ಲುವ ಪದರದ ದಪ್ಪ ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಿರುಗುತ್ತಿರುವ ಉರುಳೆಗೆ ಉಪಕರಣವನ್ನು ತಾಗಿಸಿದರೆ ಹಸಿ ಪದರವೇ ಕದಡುತ್ತದೆ. ಮುದ್ರಣಕ್ಕೆ ಮುನ್ನ ಮತ್ತು ಅನಂತರ ಮಾದರಿಯನ್ನು ತೂಗಿ ಶಾಯಿಯ ಪ್ರಮಾಣವನ್ನು ತಿಳಿಯಬಹುದಾದರೂ ಅದು ಪ್ರಯೋಗಾಲಯದ ಕ್ರಮ. ಓಡುತ್ತಿರುವ ಯಂತ್ರಕ್ಕೆ ಒದಗುವುದಿಲ್ಲ.

ಮುದ್ರಣಾಲಯಗಳಲ್ಲಿ ಬಳಕೆಯಲ್ಲಿರುವ ಡೆನ್ಸಿಟೋಮೀಟರ್ ಅಳೆಯುವುದು ದಪ್ಪವನ್ನಲ್ಲ, ಹಿಂದಿರುಗಿದ ಬೆಳಕಿನ ಪ್ರಮಾಣದಿಂದ ಲೆಕ್ಕಹಾಕಿದ ಸಾಂದ್ರತೆಯನ್ನು. ಒಂದು ಮಿತಿಯ ಆಚೆಗೆ ಶಾಯಿ ಹೆಚ್ಚಿದರೂ ಸಾಂದ್ರತೆ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಶಾಯಿ ಒಣಗಿದಂತೆ ಅಳತೆಯೂ ಬದಲಾಗುತ್ತದೆ. ಕಾಗದದ ಗುಣವೂ ಪರಿಣಾಮ ಬೀರುತ್ತದೆ.

ಈ ಕೊರತೆಯನ್ನು ನೀಗುವ ಒಂದು ಮಾರ್ಗವೆಂದರೆ ಅವಕೆಂಪು ಕಿರಣಗಳ ಹೀರಿಕೆಯ ಮಾಪನ. ಶಾಯಿಯ ಎಣ್ಣೆ ಹಾಗೂ ರಾಳಗಳಲ್ಲಿರುವ ಇಂಗಾಲ–ಜಲಜನಕ ಬಂಧಗಳು ಸುಮಾರು 3.4 ಮೈಕ್ರಾನ್ ತರಂಗಾಂತರದ ಕಿರಣವನ್ನು ಹೀರುತ್ತವೆ. ಹೊಳಪುಳ್ಳ ಲೋಹದ ಉರುಳೆಯ ಮೇಲೆ ಬಿದ್ದ ಕಿರಣವು ಪದರವನ್ನು ಎರಡು ಬಾರಿ ಹಾದು ಹಿಂದಿರುಗುತ್ತದೆ. ಈ ಬಂಧಗಳು ಹೀರದ ಇನ್ನೊಂದು ತರಂಗಾಂತರವನ್ನು ಆಧಾರವಾಗಿಟ್ಟು ಎರಡರ ಅನುಪಾತವನ್ನು ತೆಗೆದರೆ, ಅದರ ಲಾಗರಿದಮ್ಮಿನಿಂದ ದಪ್ಪ ದೊರೆಯುತ್ತದೆ. ನೀರು ಸುಮಾರು 3 ಮೈಕ್ರಾನ್ ಆಸುಪಾಸಿನಲ್ಲಿ ಬಲವಾಗಿ ಹೀರುವುದರಿಂದ, ಶಾಯಿಯೊಳಗೆ ಸೇರಿಕೊಂಡ ತೇವಾಂಶವನ್ನೂ ಪ್ರತ್ಯೇಕವಾಗಿ ಗುರುತಿಸಲು ಸಾಧ್ಯ.

ಆದರೆ ಕಪ್ಪುಶಾಯಿಯ ಇಂಗಾಲದ ಮಸಿಯು ಅವಕೆಂಪು ಕಿರಣಗಳನ್ನು ವ್ಯಾಪಕವಾಗಿ ಹೀರುತ್ತದೆ. ಪುಸ್ತಕ ಮುದ್ರಣದಲ್ಲಿ ಹೆಚ್ಚಾಗಿ ಬಳಸುವುದು ಇದನ್ನೇ. ಆದ್ದರಿಂದ ತೂಕ ತಿಳಿದ ಮಾದರಿಗಳೊಡನೆ ಹೋಲಿಸಿ ಪ್ರತಿಯೊಂದು ಶಾಯಿಗೂ ಮಾಪಕವನ್ನು ಹೊಂದಿಸಿಕೊಳ್ಳುವುದು ಅನಿವಾರ್ಯ. ಹೀಗೆ, ಸ್ಪರ್ಶರಹಿತ ಮಾಪನದ ವಿಶ್ವಾಸಾರ್ಹತೆಯೂ ಕೊನೆಗೆ ತಕ್ಕಡಿಯನ್ನೇ ಆಶ್ರಯಿಸಿದೆ.