ಗಂಟು ಬಿಚ್ಚದೆಯೇ ಓದಿದೆ

ಆಟಿಯ ಮಳೆ ಸುರೀತಿತ್ತು. ಕದ್ರಿಯ ಮನೆಯಲ್ಲಿ ಕೂತು ಹಳೇ ಲ್ಯಾಪ್‌ಟಾಪಿನ ಫೈಲ್‌ಗಳನ್ನು ಡಿಲೀಟ್ ಮಾಡ್ತಾ ಇದ್ದೆ. ‘ಅಪ್ಪ’ ಅನ್ನುವ ಫೋಲ್ಡರ್ ಬಂದಾಗ ಕೈ ನಿಂತಿತು. ತೀರಿಕೊಳ್ಳುವ ಹಿಂದಿನ ವರ್ಷ ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳಿದ ವಿಡಿಯೊಗಳು ಅದರಲ್ಲಿದ್ದವು. ಅದೊಂದನ್ನು ಅಳಿಸಿದ್ರೆ ಬೇಕಾದಷ್ಟು ಜಾಗ ಸಿಗ್ತಿತ್ತು.

ಜಾಗ ಯಾಕೆ ಬೇಕಿತ್ತು ಅಂತೀರಾ? ಅಮ್ಮ ಮೊಬೈಲಿನಲ್ಲಿ ಕನ್ನಡ ಬರೆಯುವಾಗ ಕಾಗುಣಿತ ತಪ್ಪಿದರೆ ತೋರಿಸುವ ಪುಟ್ಟ ಪ್ರೋಗ್ರಾಂ ಮಾಡುವ ಆಸೆ. ಅದಕ್ಕೊಂದು ಪದಪಟ್ಟಿ ಬೇಕು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಆದರೆ ಇವತ್ತಿನ ಪದಗಳಿಗೆ ಕನ್ನಡ ವಿಕಿಪೀಡಿಯವೇ ವಾಸಿ ಅನಿಸಿತು. ಅದರ ಲೇಖನಗಳನ್ನೆಲ್ಲ ಒಂದೇ ಫೈಲಾಗಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬಿಜೆಡ್2 ಎಂಬ ಒತ್ತಿ ಕಟ್ಟಿದ ಗಂಟಾಗಿ ಬರುತ್ತದೆ. ಬಿಚ್ಚಲು ಹೋದೆ, ಡಿಸ್ಕ್ ಫುಲ್!

ಕನ್ನಡ ಫೈಲ್ ಇಷ್ಟು ಉಬ್ಬಲು ಕಾರಣವಿದೆ. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ‘ಕ’ಗೆ 3 ಬೈಟ್, ‘ಕಿ’ ಬರೆದರೆ ಗುಣಿತಕ್ಕೆ ಇನ್ನೂ 3. ಈ ಮೂರರಲ್ಲಿ ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದಕ್ಕೆ ಎರಡೇ ಆಯ್ಕೆ. ಹೀಗೆ ಬಂದದ್ದೇ ಬರುವುದರಿಂದ ಒತ್ತಿದಾಗ ಚೆನ್ನಾಗಿ ಕುಗ್ಗುತ್ತದೆ, ಬಿಚ್ಚಿದಾಗ ಅಷ್ಟೇ ಹಿಗ್ಗುತ್ತದೆ.

ಆಗ ಹೊಳೆಯಿತು ಮಾರಾಯ್ರೇ, ಬಿಚ್ಚುವುದೇ ಬೇಡ! ಟ್ಯಾಂಕಿಯ ನೀರನ್ನೆಲ್ಲ ಅಡುಗೆಮನೆಗೆ ಸುರಿಯುತ್ತೇವಾ? ನಲ್ಲಿ ತಿರುಗಿಸಿ ಬೇಕಾದಷ್ಟೇ ಹಿಡಿಯುತ್ತೇವೆ. ಪೈಥಾನಿನ ಜೊತೆಗೇ ಬರುವ ಬಿಜೆಡ್2 ಮಾಡ್ಯೂಲ್ ಅಂಥದ್ದೇ ನಲ್ಲಿ. ಸಾಮಾನ್ಯ ಓಪನ್ ಬದಲು ಅದರ ಓಪನ್ ಬಳಸಿದರೆ ಸಾಲುಗಳು ಒಂದೊಂದಾಗಿ ಬಿಚ್ಚಿಕೊಂಡು ಬರುತ್ತವೆ. ಡಿಸ್ಕಿಗೆ ಏನೂ ಬೀಳುವುದಿಲ್ಲ.

ನಾನು ಎಡವಿದ್ದು ಎರಡು ಕಡೆ. ಮೋಡ್ ಹೇಳದಿದ್ದರೆ ಕೈಗೆ ಬರುವುದು ಬರೀ ಬೈಟ್‌ಗಳು. ‘ಆರ್‌ಟಿ’ ಮೋಡ್ ಕೊಟ್ಟು, ಎನ್‌ಕೋಡಿಂಗ್ ಯುಟಿಎಫ್-8 ಅಂತ ಹೇಳಿದರೆ ಅಕ್ಷರ ಬರುತ್ತದೆ. ಇನ್ನೊಂದು, ರೀಡ್ ಅಂತ ಒಂದೇ ಸಲಕ್ಕೆ ಓದಿದರೆ ಎಲ್ಲವೂ ಮೆಮೊರಿಗೆ ಬಂದು ಬೀಳುತ್ತದೆ. ಫಾರ್ ಲೂಪಿನಲ್ಲಿ ಸಾಲು ಸಾಲಾಗಿ ಓದಬೇಕು. ಜಿಜೆಡ್ ಫೈಲ್ ಆದರೆ ಜಿಜಿಪ್ ಮಾಡ್ಯೂಲ್, ಇದೇ ರೀತಿ. ಜಿಪ್ ಸ್ವಲ್ಪ ಬೇರೆ: ಅದರೊಳಗೆ ಹಲವು ಫೈಲ್ ಇರಬಹುದು, ಯಾವುದು ಬೇಕು ಅಂತ ಹೆಸರು ಹೇಳಬೇಕು.

ನಷ್ಟ ಇಲ್ಲವೆಂದಲ್ಲ. ಪ್ರತಿ ಸಲ ಓದುವಾಗಲೂ ಬಿಚ್ಚುವ ಕೆಲಸ ಮೊದಲಿಂದ ನಡೆಯಬೇಕು, ತಡವಾಗುತ್ತದೆ. ಅದಕ್ಕೇ ಒಮ್ಮೆ ಓದಿ, ಪದಗಳನ್ನಷ್ಟೇ ಚಿಕ್ಕ ಫೈಲಿನಲ್ಲಿ ಇಟ್ಟುಕೊಂಡೆ.

ಪ್ರೋಗ್ರಾಂ ಇನ್ನೂ ಅರ್ಧ ಆಗಿದೆ ಅಷ್ಟೇ. ಅಮ್ಮನಿಗೆ ಅದರ ಅವಸರವೇನೂ ಇಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ, "ಅಪ್ಪಂದು ಆ ವಿಡಿಯೊ ಇದೆಯಲ್ಲ, ಒಮ್ಮೆ ಹಾಕು" ಅಂದರು. ಹಾಕಿದೆ.